ಪುಟ್ಟ ಮಕ್ಕಳೊಂದಿಗೆ ಕಾರು ಪ್ರಯಾಣ: ಸೀಟು ಆರಿಸುವುದರಿಂದ ಇಳಿಯುವವರೆಗೆ

ಮಗುವಿರುವ ಮನೆಗಳಿಂದ ಪದೇಪದೇ ಬರುವ ಪ್ರಶ್ನೆಗಳು ಎರಡು. "ಕಾರಿಗೆ ಬೇಬಿ ಸೀಟು ಬೇಕೇ ಬೇಕಾ, ಅಜ್ಜಿ ತೊಡೆ ಮೇಲೆ ಮಲಗಿಸಿಕೊಂಡರೆ ಆಗಲ್ವಾ?" "ಬೇಕು ಅಂದ್ರೆ ಯಾವುದು ತರೋದು?"

ಮೊದಲನೆಯದಕ್ಕೆ ಲೆಕ್ಕವೇ ಉತ್ತರ ಕೊಡುತ್ತದೆ. ಗಂಟೆಗೆ 50 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಡಿಕ್ಕಿ ಹೊಡೆದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತುಬಿಡುತ್ತದೆ ಎಂದುಕೊಳ್ಳಿ. ಅಷ್ಟು ಹೊತ್ತಿನಲ್ಲಿ 10 ಕಿಲೋ ತೂಕದ ಮಗುವನ್ನು ಹಿಡಿದು ನಿಲ್ಲಿಸಲು 140 ಕಿಲೋ ಎತ್ತುವಷ್ಟು ಬಲ ಬೇಕು. ಯಾವ ಅಜ್ಜಿಯ ಕೈಯಲ್ಲೂ, ಯಾವ ಪೈಲ್ವಾನನ ಕೈಯಲ್ಲೂ ಅದು ಆಗದ ಮಾತು. ಜೊತೆಗೆ ಹಿರಿಯರೂ ಬೆಲ್ಟ್ ಹಾಕಿರದಿದ್ದರೆ ಅವರ ಭಾರವೂ ಮಗುವಿನ ಮೇಲೆಯೇ ಬೀಳುತ್ತದೆ. ದೊಡ್ಡವರ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿ ಬಿಗಿಯುವುದು ಇನ್ನೂ ಕೆಟ್ಟದ್ದು.

ಕಾನೂನೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಕಾರು ಓಡಿಸಿದರೆ 1,000 ರೂಪಾಯಿ ದಂಡ. ಪೊಲೀಸರು ಇದಕ್ಕಾಗಿ ಗಾಡಿ ನಿಲ್ಲಿಸುವುದು ಅಪರೂಪ, ಆ ಮಾತು ಬೇರೆ.

ಎರಡನೆಯ ಪ್ರಶ್ನೆಗೆ ಉತ್ತರ ಉದ್ದ. ಒಂದನ್ನು ಮೊದಲೇ ಹೇಳಿಬಿಡುತ್ತೇವೆ: ಬಿಗಿಯಾಗಿ ಕೂತ ಸಾಧಾರಣ ಸೀಟು, ಅಲ್ಲಾಡುವ ದುಬಾರಿ ಸೀಟಿಗಿಂತ ಎಷ್ಟೋ ವಾಸಿ. ಹಾಗಾಗಿ ಶುರು ಮಾಡಬೇಕಾದದ್ದು ಅಂಗಡಿಯಿಂದಲ್ಲ, ನಿಮ್ಮ ಕಾರಿನಿಂದ.

1. ಕಾರಿನಲ್ಲಿ ಏನಿದೆ ನೋಡಿಕೊಳ್ಳಿ

ಹಿಂದಿನ ಸೀಟಿನಲ್ಲಿ ಕೂರುವ ಭಾಗವೂ ಒರಗುವ ಭಾಗವೂ ಸೇರುವ ಸಂದಿಗೆ ಕೈ ಹಾಕಿ. ಸುಮಾರು 28 ಸೆಂ.ಮೀ. ಅಂತರದಲ್ಲಿ ಎರಡು ಗಟ್ಟಿ ಲೋಹದ ಕೊಂಡಿಗಳು ಸಿಕ್ಕಿದರೆ ಅದೇ ಐಸೋಫಿಕ್ಸ್. ಮಕ್ಕಳ ಸೀಟನ್ನು ಬೆಲ್ಟಿನ ಹಂಗಿಲ್ಲದೆ ಕಾರಿನ ಚೌಕಟ್ಟಿಗೇ ಸಿಕ್ಕಿಸುವ ವ್ಯವಸ್ಥೆ ಇದು. ಕೊಂಡಿ ಸಿಗಲಿಲ್ಲ ಎಂದಾಕ್ಷಣ ಇಲ್ಲ ಎಂದುಕೊಳ್ಳಬೇಡಿ. ಷೋರೂಮಿನಲ್ಲೋ ಹೊರಗೋ ಹಾಕಿಸಿದ ಸೀಟ್ ಕವರ್ ಅದನ್ನು ಮುಚ್ಚಿರುವುದೇ ಹೆಚ್ಚು. ಬೆಲ್ಟಿನ ಬಕಲ್‌ಗಳದ್ದೂ ಇದೇ ಕತೆ, ಕವರಿನ ಅಡಿಯಲ್ಲಿ ವರ್ಷಗಟ್ಟಲೆ ಹೂತುಹೋಗಿರುತ್ತವೆ. ಕವರ್ ಬಿಚ್ಚಿಸಿ, ಇಲ್ಲವೇ ಆ ಜಾಗದಲ್ಲಿ ಸರಿಯಾಗಿ ಕತ್ತರಿಸಿ ಹೊಲಿಸಿ.

ಮುಂದೆ ಟಾಪ್ ಟೆದರ್ ಹುಡುಕಿ. ಮಕ್ಕಳ ಸೀಟಿನ ತಲೆಭಾಗದಿಂದ ಹಿಂದಕ್ಕೆ ಬರುವ ಪಟ್ಟಿಯನ್ನು ಸಿಕ್ಕಿಸುವ ಕೊಂಡಿ ಅದು. ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಸೀಟಿನ ಬೆನ್ನಿಗೆ, ಸೆಡಾನ್‌ಗಳಲ್ಲಿ ಹಿಂಗಾಜಿನ ಕೆಳಗಿನ ಹಲಗೆಯ ಮೇಲೆ ಇರುತ್ತದೆ. ಡಿಕ್ಕಿಯೊಳಗೆ ಲಗೇಜ್ ಕಟ್ಟಲು ಕೊಟ್ಟ ಪುಟ್ಟ ಹುಕ್ಕಿಗೆ ಟೆದರ್ ಸಿಕ್ಕಿಸುವುದು ಬಹಳ ಜನ ಮಾಡುವ ತಪ್ಪು. ಆ ಹುಕ್ ಮಾಡಿರುವುದು ತರಕಾರಿ ಚೀಲಕ್ಕೆ.

ಕಾರಿನ ಜೊತೆ ಬಂದ ಕೈಪಿಡಿಯನ್ನು ಯಾರೂ ತೆರೆಯುವುದಿಲ್ಲ. ಈ ಒಂದು ಕೆಲಸಕ್ಕೆ ತೆರೆಯಿರಿ. ಯಾವ ಜಾಗದಲ್ಲಿ ಯಾವ ಬಗೆಯ ಮಕ್ಕಳ ಸೀಟು ಕೂರುತ್ತದೆ ಎಂಬ ಕೋಷ್ಟಕ ಅದರಲ್ಲಿರುತ್ತದೆ. 'ಯು' ಎಂದರೆ ಸಾರ್ವತ್ರಿಕ (ಯುನಿವರ್ಸಲ್) ಎಂದು ಚೀಟಿಯಿರುವ ಎಲ್ಲ ಸೀಟುಗಳಿಗೂ ಸರಿ, 'ಎಕ್ಸ್' ಎಂದರೆ ಅಲ್ಲಿ ಕೂರಿಸಲೇಬಾರದು. ಮೂರನೇ ಸಾಲಿರುವ ಕಾರುಗಳಲ್ಲಿ ಆ ಸಾಲಿಗೆ ಏನು ಬರೆದಿದೆ ಎಂದು ನೋಡಿಕೊಳ್ಳಿ.

2. ಮಗುವಿನ ಅಳತೆಗೆ ಸೀಟು ಆರಿಸಿ

ವಯಸ್ಸಿಗಿಂತ ತೂಕ, ಎತ್ತರ ಮುಖ್ಯ. ಕೊಳ್ಳುವ ಹೊತ್ತಿಗೆ ಎರಡನ್ನೂ ಅಳೆದುಕೊಂಡು ಹೋಗಿ.

ಸೀಟಿನ ಹಿಂಬದಿಯಲ್ಲೋ ತಳದಲ್ಲೋ ಅಂಟಿಸಿದ ಕಿತ್ತಳೆ ಬಣ್ಣದ ಚೀಟಿಯಲ್ಲಿ ವೃತ್ತದೊಳಗೆ 'ಇ' ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ ಇರಬೇಕು. ವಿಶ್ವಸಂಸ್ಥೆಯ ನಿಯಮಾವಳಿಯಂತೆ ಡಿಕ್ಕಿ ಪರೀಕ್ಷೆಯಾಗಿದೆ ಎಂಬುದಕ್ಕೆ ಅದು ಗುರುತು. ಅದೇ ಚೀಟಿಯಲ್ಲಿ ಆರ್44 ಅಥವಾ ಆರ್129 ಎಂದಿರುತ್ತದೆ. ಆರ್44 ಹಳೆಯ ನಿಯಮ, ತೂಕದ ಮೇಲೆ ನಡೆಯುತ್ತದೆ: 13 ಕಿಲೋವರೆಗೆ 0+ ಗುಂಪು, 9ರಿಂದ 18 ಕಿಲೋ 1ನೇ ಗುಂಪು, 15ರಿಂದ 25 ಕಿಲೋ 2ನೇ ಗುಂಪು, 22ರಿಂದ 36 ಕಿಲೋ 3ನೇ ಗುಂಪು. ಆರ್129 ಹೊಸದು, ಎತ್ತರದ ಲೆಕ್ಕ. ಪಕ್ಕದಿಂದ ಬೀಳುವ ಹೊಡೆತಕ್ಕೂ ಪರೀಕ್ಷೆ ನಡೆದಿರುತ್ತದೆ. ಕೈಗೆಟುಕುವುದಾದರೆ ಹೊಸದೇ ಇರಲಿ. ಯಾವ ಚೀಟಿಯೂ ಇಲ್ಲದ, ಬರೀ ಬಟ್ಟೆ ಮತ್ತು ಪಟ್ಟಿಯಿಂದ ಹೊಲಿದು ಆನ್‌ಲೈನಿನಲ್ಲಿ ಅಗ್ಗಕ್ಕೆ ಮಾರುವ 'ಪೋರ್ಟಬಲ್ ಸೀಟು' ದುಡ್ಡು ದಂಡ. ಅದು ಮಗುವನ್ನು ಸುಮ್ಮನೆ ಕೂರಿಸೀತು, ಡಿಕ್ಕಿಯಲ್ಲಿ ಹಿಡಿಯುವುದಿಲ್ಲ.

"0ದಿಂದ 12 ವರ್ಷದವರೆಗೆ ಒಂದೇ ಸೀಟು" ಎಂಬ ಜಾಹೀರಾತಿಗೆ ಬೇಗ ಮರುಳಾಗಬೇಡಿ. ಇಂಥವು ಹಲವು ಕಡೆ ನವಜಾತ ಮಗುವಿಗೆ ತೀರಾ ನೆಟ್ಟಗೆ, ದೊಡ್ಡ ಮಗುವಿಗೆ ತೀರಾ ಇಕ್ಕಟ್ಟು. ಮಗುವನ್ನೇ ಅದರಲ್ಲಿ ಕೂರಿಸಿ ನೋಡಿ ನಿರ್ಧರಿಸಿ.

ಯಾರೋ ಬಳಸಿ ಬಿಟ್ಟ ಸೀಟು ಸಿಕ್ಕರೆ ಮೂರು ಸಂಗತಿ ಕೇಳಿ: ಅಪಘಾತ ಕಂಡಿದೆಯೇ, ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾದ ತಯಾರಿಕೆಯ ದಿನಾಂಕ ಅಥವಾ ಬಳಕೆಯ ಅವಧಿ ಏನು, ಕೈಪಿಡಿ ಇದೆಯೇ. ಮೊದಲನೆಯದಕ್ಕೆ ಖಚಿತ ಉತ್ತರ ಸಿಗದಿದ್ದರೆ ಬೇಡ. ಅಮೆರಿಕದಲ್ಲಿರುವ ಅಕ್ಕನೋ ತಮ್ಮನೋ ತಂದುಕೊಟ್ಟ ಸೀಟಿನದು ಇನ್ನೊಂದು ತೊಡಕು. ಅಲ್ಲಿನ ಕಾರುಗಳ ಬೆಲ್ಟನ್ನು ಪೂರ್ತಿ ಎಳೆದುಬಿಟ್ಟರೆ ಅದು ಹಿಂದಕ್ಕೆ ಮಾತ್ರ ಹೋಗುವಂತೆ ಲಾಕ್ ಆಗುತ್ತದೆ. ಅಲ್ಲಿನ ಎಷ್ಟೋ ಸೀಟುಗಳು ಆ ಲಾಕನ್ನೇ ನಂಬಿವೆ. ನಮ್ಮಲ್ಲಿ ಓಡುವ ಹೆಚ್ಚಿನ ಕಾರುಗಳ ಬೆಲ್ಟ್ ಜೋರಾಗಿ ಜಗ್ಗಿದಾಗ ಮಾತ್ರ ಹಿಡಿಯುತ್ತದೆ, ಉಳಿದ ಹೊತ್ತು ಸಡಿಲ. ಸೀಟಿನಲ್ಲೇ ಬೆಲ್ಟನ್ನು ಕಚ್ಚಿ ಹಿಡಿಯುವ ಲಾಕ್ ಇದ್ದರೆ ಸರಿ, ಇಲ್ಲದಿದ್ದರೆ ನಾಲ್ಕು ಹಂಪ್ ದಾಟುವಷ್ಟರಲ್ಲಿ ಸೀಟು ಅಲ್ಲಾಡತೊಡಗುತ್ತದೆ. ಇಲ್ಲಿಂದ ಅಲ್ಲಿಗೆ ಒಯ್ಯುವುದೂ ಬೇಡ, ಅಮೆರಿಕದ ಮಾನದಂಡದ ಚೀಟಿ ಇಲ್ಲದ ಸೀಟನ್ನು ಅಲ್ಲಿ ಬಳಸುವಂತಿಲ್ಲ.

3. ಜಾಗ ಮತ್ತು ದಿಕ್ಕು

ಜಾಗ ಹಿಂದಿನ ಸಾಲು. ನಾವು ರಸ್ತೆಯ ಎಡಕ್ಕೆ ಓಡಿಸುವವರಾದ್ದರಿಂದ ಎಡ ಬದಿ, ಅಂದರೆ ಮುಂದಿನ ಪ್ರಯಾಣಿಕರ ಸೀಟಿನ ಹಿಂದೆ, ಅನುಕೂಲ. ಮಗುವನ್ನು ಹತ್ತಿಸುವಾಗ ಇಳಿಸುವಾಗ ನೀವು ಫುಟ್‌ಪಾತ್ ಕಡೆ ನಿಂತಿರುತ್ತೀರಿ.

ದಿಕ್ಕು ಹಿಂದಕ್ಕೆ. ಮಗುವಿನ ಮುಖ ಕಾರಿನ ಹಿಂಗಾಜಿನ ಕಡೆ ಇರಬೇಕು. ಇದನ್ನು ಹೇಳಿದ ಕೂಡಲೇ ಮನೆಮಂದಿ ತಕರಾರು ತೆಗೆಯುತ್ತಾರೆ: ಮುಖ ಕಾಣಲ್ಲ, ಕಾಲು ಮಡಚುತ್ತೆ, ಅಳುತ್ತೆ. ಕಾರಣ ತಿಳಿದರೆ ತಕರಾರು ಕಡಿಮೆಯಾಗುತ್ತದೆ. ಹುಟ್ಟಿದ ಮಗುವಿನ ತಲೆ ದೇಹದ ಉದ್ದದ ನಾಲ್ಕನೇ ಒಂದು ಭಾಗದಷ್ಟು. ಕುತ್ತಿಗೆಯ ಮೂಳೆಗಳಿನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ನಡುನಡುವೆ ಮೃದ್ವಸ್ಥಿಯೇ. ಮುಂದಕ್ಕೆ ಮುಖ ಮಾಡಿ ಕೂತಾಗ ಡಿಕ್ಕಿಯಾದರೆ ಬೆಲ್ಟ್ ಎದೆಯನ್ನು ಹಿಡಿಯುತ್ತದೆ, ಭಾರದ ತಲೆ ಮುಂದಕ್ಕೆ ಎಸೆದುಕೊಳ್ಳುತ್ತದೆ, ಎಲ್ಲ ಎಳೆತ ಕುತ್ತಿಗೆಗೆ ಬೀಳುತ್ತದೆ. ಹಿಂದಕ್ಕೆ ಮುಖ ಮಾಡಿದ್ದರೆ ಅದೇ ಬಲ ತಲೆ, ಬೆನ್ನು, ಸೊಂಟಕ್ಕೆ ಒಟ್ಟಾಗಿ ಹಂಚಿಹೋಗುತ್ತದೆ. ಆರ್129 ನಿಯಮದಲ್ಲಿ ಕನಿಷ್ಠ 15 ತಿಂಗಳವರೆಗೆ ಹೀಗೆ ಕೂರಿಸುವುದು ಕಡ್ಡಾಯ. ಸೀಟಿನ ಮಿತಿ ಮೀರದಿದ್ದರೆ ಮೂರು, ನಾಲ್ಕು ವರ್ಷದವರೆಗೂ ಮುಂದುವರಿಸಿ. ಕಾಲು ಮಡಚಿ ಕೂರುವುದು ಮಕ್ಕಳಿಗೆ ಕಷ್ಟವೇ ಅಲ್ಲ.

ಎಚ್ಚರ: ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಚಾಲೂ ಇರುವಾಗ ಹಿಮ್ಮುಖದ ಸೀಟನ್ನು ಯಾವ ಕಾರಣಕ್ಕೂ ಇಡಬಾರದು. ಏರ್‌ಬ್ಯಾಗ್ ಸಿಡಿದರೆ ನೇರ ಹೊಡೆತ ಮಗುವಿನ ತಲೆಯ ಹಿಂದಿರುವ ಸೀಟಿನ ಚಿಪ್ಪಿಗೆ. ಮಗು ಉಳಿಯುವುದು ಕಷ್ಟ. ಸನ್‌ವೈಸರ್ ಮೇಲೆ ಇದೇ ಎಚ್ಚರಿಕೆಯ ಚಿತ್ರ ಇರುತ್ತದೆ.

4. ಸೀಟು ಬಿಗಿಯುವುದು

ಐಸೋಫಿಕ್ಸ್ ಇದ್ದರೆ: ಸೀಟಿನ ಎರಡು ತೋಳುಗಳನ್ನು ಕೊಂಡಿಗೆ ಒತ್ತಿ, ಎರಡು ಸಲ 'ಕ್ಲಿಕ್' ಕೇಳಬೇಕು. ಎರಡೂ ಬದಿಯ ಗುರುತು ಕೆಂಪಿನಿಂದ ಹಸಿರಿಗೆ ಬಂದಿದೆಯೇ ನೋಡಿ. ಒಂದು ಬದಿ ಮಾತ್ರ ಸಿಕ್ಕಿಕೊಂಡು ಇನ್ನೊಂದು ಕವರಿನ ಬಟ್ಟೆಗೆ ತಾಗಿ ನಿಂತಿರುವುದು ಸಾಮಾನ್ಯ. ಇಷ್ಟಕ್ಕೆ ಮುಗಿಯಲಿಲ್ಲ. ಎರಡೇ ಕೊಂಡಿಯ ಮೇಲೆ ಸೀಟು ಮುಂದಕ್ಕೆ ಮಗುಚಿಕೊಳ್ಳುತ್ತದೆ, ಮೂರನೆಯ ಆಸರೆ ಬೇಕೇ ಬೇಕು. ಅದು ಟಾಪ್ ಟೆದರ್ ಆಗಿರಬಹುದು, ನೆಲಕ್ಕೆ ಊರುವ ಕಾಲಾಗಿರಬಹುದು. ಟೆದರ್ ಆದರೆ ಪಟ್ಟಿ ಸಡಿಲವಿಲ್ಲದಂತೆ ಎಳೆಯಿರಿ. ಕಾಲಾದರೆ ಅದು ಗಟ್ಟಿ ನೆಲಕ್ಕೆ ತಾಗಿರಬೇಕು. ನೆಲದಡಿ ಸಾಮಾನು ಇಡುವ ಪೆಟ್ಟಿಗೆಯ ಮುಚ್ಚಳದ ಮೇಲೆ ಊರಿದರೆ ಡಿಕ್ಕಿಯಲ್ಲಿ ಮುಚ್ಚಳ ಕುಸಿಯುತ್ತದೆ. ಮಗು ಮತ್ತು ಸೀಟು ಸೇರಿ 33 ಕಿಲೋ, ಆರ್129 ನಿಯಮದಡಿ ಬರುವ 'ಐ-ಸೈಜ್' ಎಂಬ ಬಗೆಯ ಸೀಟುಗಳಿಗೆ ಐಸೋಫಿಕ್ಸಿನ ಮಿತಿ ಅಷ್ಟು.

ಬೆಲ್ಟಿನಿಂದ ಬಿಗಿಯುವುದಾದರೆ ಹೀಗೆ ಮಾಡಿ:

ಕ) ಮಕ್ಕಳ ಸೀಟಿನ ಬೆನ್ನು ಕಾರಿನ ಸೀಟಿಗೆ ಪೂರ್ತಿ ಅಂಟಬೇಕು. ತಲೆದಿಂಬು ಅಡ್ಡ ಬಂದರೆ ಎತ್ತರಿಸಿ ಅಥವಾ ತೆಗೆದಿಡಿ.

ಖ) ಬೆಲ್ಟ್ ಹೋಗುವ ದಾರಿಗೆ ಬಣ್ಣದ ಗುರುತಿರುತ್ತದೆ. ಸಾಮಾನ್ಯವಾಗಿ ಹಿಮ್ಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು. ಸೀಟಿನ ದಿಕ್ಕು ಬದಲಾಯಿಸಿದವರು ಬೆಲ್ಟಿನ ದಾರಿ ಬದಲಾಯಿಸಲು ಮರೆಯುತ್ತಾರೆ.

ಗ) ಬಕಲ್ ಹಾಕಿ, ಒಂದು ಮೊಣಕಾಲನ್ನು ಸೀಟಿನೊಳಗೆ ಊರಿ ಮೈಭಾರ ಬಿಡಿ. ಮೊದಲು ಸೊಂಟದ ಬೆಲ್ಟನ್ನು ಎಳೆದು ಸಡಿಲ ತೆಗೆಯಿರಿ, ಆಮೇಲೆ ಭುಜದ ಬೆಲ್ಟನ್ನು. ಸೀಟಿನಲ್ಲಿ ಬೆಲ್ಟ್ ಕಚ್ಚುವ ಲಾಕ್ ಇದ್ದರೆ ಈಗ ಹಾಕಿ.

ಘ) ಬಕಲ್ ಇರುವ ಗಡಸು ತುದಿ ಸೀಟಿನ ಚೌಕಟ್ಟಿನ ಅಂಚಿಗೆ ಮಡಚಿಕೊಂಡು ಕೂತಿದೆಯೇ ನೋಡಿ. ಹಾಗಿದ್ದರೆ ಡಿಕ್ಕಿಯ ಎಳೆತಕ್ಕೆ ಬಕಲ್ ಮುರಿಯಬಹುದು ಅಥವಾ ಬಿಚ್ಚಿಕೊಳ್ಳಬಹುದು. ಆ ಸೀಟು ಆ ಜಾಗಕ್ಕೆ ಹೊಂದುವುದಿಲ್ಲ. ಇನ್ನೊಂದು ಬದಿಯಲ್ಲಿ ಕೂರಿಸಿ ನೋಡಿ.

ಙ) ಬೆಲ್ಟ್ ಹಾಯುವ ಜಾಗದಲ್ಲಿ ಸೀಟನ್ನು ಹಿಡಿದು ಎಡಬಲಕ್ಕೆ, ಹಿಂದುಮುಂದಕ್ಕೆ ಅಲ್ಲಾಡಿಸಿ. ಒಂದು ಅಂಗುಲಕ್ಕಿಂತ, ಅಂದರೆ 2.5 ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು. ತಲೆಭಾಗ ಹಿಡಿದು ಅಲ್ಲಾಡಿಸಿ ಹೆದರಬೇಡಿ, ಅಲ್ಲಿ ಸ್ವಲ್ಪ ಆಡುವುದು ಸಹಜ.

ಸಣ್ಣ ಕಾರುಗಳಲ್ಲಿ ಹಿಮ್ಮುಖದ ತೊಟ್ಟಿಲ ಸೀಟನ್ನು ಸುತ್ತಿ ಬರುವಷ್ಟು ಬೆಲ್ಟ್ ಉದ್ದವಿಲ್ಲದಿರುವುದುಂಟು. ಬೆಲ್ಟಿಗೆ ಜೋಡಿಸುವ ಉದ್ದದ ತುಂಡು ಕೊಳ್ಳಬೇಡಿ, ಸೀಟನ್ನೇ ಬದಲಾಯಿಸಿ. ಅಂಗಡಿಯವರು ಕಾರಿನವರೆಗೂ ಬಂದು ಕೂರಿಸಿ ತೋರಿಸದಿದ್ದರೆ ದುಡ್ಡು ಕೊಡುವ ಮೊದಲೇ ಹಿಂದಿರುಗಿಸುವ ಮಾತಾಡಿಕೊಳ್ಳಿ.

ನವಜಾತ ಮಗುವಿನ ಸೀಟು ಸುಮಾರು 45 ಡಿಗ್ರಿ ವಾಲಿರಬೇಕು. ತೀರಾ ನೆಟ್ಟಗಿದ್ದರೆ ಗಲ್ಲ ಎದೆಗೆ ಬಿದ್ದು ಉಸಿರಿನ ದಾರಿ ಕಟ್ಟುತ್ತದೆ.

5. ಮಗುವನ್ನು ಕೂರಿಸಿ ಬೆಲ್ಟ್ ಹಾಕುವುದು

ಸೀಟಿನ ಒಳಬೆಲ್ಟಿನ ಭುಜಪಟ್ಟಿ ಹಿಮ್ಮುಖದಲ್ಲಿ ಭುಜದ ಮಟ್ಟದಿಂದ ಅಥವಾ ಸ್ವಲ್ಪ ಕೆಳಗಿನಿಂದ, ಮುಮ್ಮುಖದಲ್ಲಿ ಭುಜದ ಮಟ್ಟದಿಂದ ಅಥವಾ ಸ್ವಲ್ಪ ಮೇಲಿನಿಂದ ಬರಬೇಕು. ಮಗು ಬೆಳೆದಂತೆ ಇದನ್ನು ಏರಿಸುತ್ತಾ ಹೋಗಿ. ಬಿಗಿದ ಮೇಲೆ ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ. ಮಡಿಕೆ ಕೈಗೆ ಬಂದರೆ ಸಡಿಲವಿದೆ ಎಂದರ್ಥ, ಇನ್ನೂ ಎಳೆಯಿರಿ. ಪಟ್ಟಿ ಎಲ್ಲೂ ತಿರುಚಿಕೊಂಡಿರಬಾರದು.

ಬಾಣಂತಿ ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನವೇ ತೊಡಕಿನ ದಿನ. ಮಗುವನ್ನು ಬಟ್ಟೆಯಲ್ಲಿ ಕಾಲುಕೈ ಸೇರಿಸಿ ಬಿಗಿಯಾಗಿ ಸುತ್ತಿರುತ್ತಾರೆ. ಹಾಗೆ ಸುತ್ತಿದ ಮಗುವಿಗೆ ಕಾಲುಗಳ ನಡುವೆ ಹಾಯುವ ಪಟ್ಟಿ ಹಾಕಲು ಬರುವುದಿಲ್ಲ. ಕಾಲು ಬಿಡಿಯಾಗುವ ಉಡುಪು ತೊಡಿಸಿ, ಬೆಲ್ಟ್ ಬಿಗಿದು, ಅದರ ಮೇಲೆ ಶಾಲು ಹೊದಿಸಿ. ಮಡಿಕೇರಿಯ ಡಿಸೆಂಬರ್ ಚಳಿಗೂ ಇದೇ ಕ್ರಮ. ದಪ್ಪ ಸ್ವೆಟರ್, ಜಾಕೆಟ್ ಬೆಲ್ಟಿನ ಒಳಗಿದ್ದರೆ ಡಿಕ್ಕಿಯಲ್ಲಿ ಅದು ಚಪ್ಪಟೆಯಾಗಿ ಬೆಲ್ಟ್ ಸಡಿಲವಾಗುತ್ತದೆ. ಮದುವೆಗೆ ಹೊರಟ ಪುಟ್ಟಿಯ ರೇಷ್ಮೆ ಲಂಗವನ್ನು ಮೇಲೆತ್ತಿ ಪಟ್ಟಿ ಮೈಗೆ ತಾಗುವಂತೆ ಹಾಕಿ, ಉಡಿದಾರದ ಗೆಜ್ಜೆ ಬಕಲ್ ಅಡಿಗೆ ಸಿಕ್ಕದಂತೆ ಸರಿಸಿ.

ಚಿಕ್ಕ ಕೂಸನ್ನು ಎರಡು ಗಂಟೆಗಿಂತ ಹೆಚ್ಚು ಒಂದೇ ಸಮ ಸೀಟಿನಲ್ಲಿ ಬಿಡಬೇಡಿ. ಮೊದಲ ಕೆಲವು ವಾರ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಎತ್ತಿಕೊಳ್ಳುವುದು ಒಳ್ಳೆಯದು. ಹಾಲು ಕುಡಿಸುವುದು ಗಾಡಿ ನಿಲ್ಲಿಸಿಯೇ. ಮನೆ ಮುಟ್ಟಿದ ಮೇಲೆ ನಿದ್ದೆ ಕೆಡುತ್ತದೆಂದು ಸೀಟಿನಲ್ಲೇ ಮಲಗಲು ಬಿಡುವುದೂ ಬೇಡ.

ಒಳಬೆಲ್ಟಿನ ಸೀಟಿಗೆ ಮಗು ದೊಡ್ಡದಾದ ಮೇಲೆ ಬೂಸ್ಟರ್. ಮಗುವನ್ನು ಎತ್ತರಿಸಿ ಕಾರಿನ ಬೆಲ್ಟ್ ಸರಿಯಾದ ಜಾಗಕ್ಕೆ ಬರುವಂತೆ ಮಾಡುವ ಸೀಟು ಅದು. ಬೆನ್ನಿರುವ ಬೂಸ್ಟರೇ ಒಳ್ಳೆಯದು. ಸೊಂಟದ ಬೆಲ್ಟ್ ತೊಡೆಯ ಬುಡಕ್ಕೆ, ಸೊಂಟದ ಮೂಳೆಯ ಮೇಲೆ ಬರಬೇಕು, ಹೊಟ್ಟೆಯ ಮೇಲಲ್ಲ. ಭುಜದ ಬೆಲ್ಟ್ ಕುತ್ತಿಗೆಗೂ ತೋಳಿಗೂ ನಡುವೆ ಹಾಯಬೇಕು. ಬೆನ್ನು ಪೂರ್ತಿ ಒರಗಿ, ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚುವಂತೆ ದಾರಿಯುದ್ದಕ್ಕೂ ಕೂರಬಲ್ಲ ಮಗುವಿಗೆ ಮಾತ್ರ ಬೂಸ್ಟರ್ ಬೇಡ. ಅದು ಆಗುವುದು 135 ಸೆಂ.ಮೀ. ದಾಟಿದ ಮೇಲೆ, ಎಷ್ಟೋ ಮಕ್ಕಳಿಗೆ 145ರ ಹತ್ತಿರ. ಭುಜದ ಬೆಲ್ಟನ್ನು ಕೆಳಕ್ಕೆಳೆಯುವ ತ್ರಿಕೋನದ ಕ್ಲಿಪ್ ಬೂಸ್ಟರಿಗೆ ಬದಲಿಯಲ್ಲ. ಅದು ಸೊಂಟದ ಬೆಲ್ಟನ್ನು ಹೊಟ್ಟೆಗೆ ಏರಿಸುತ್ತದೆ.

6. ಹೊರಡುವ ಮೊದಲು

ಗಾಡಿ ತೆಗೆಯುವ ಮುನ್ನ ಒಂದು ಸುತ್ತು ಹಾಕಿ. ಮೂರು ವರ್ಷದ ಮಗು ನಿಂತರೆ ಎಸ್‌ಯುವಿಯ ಬಾನೆಟ್ ಎತ್ತರಕ್ಕೂ ಬರುವುದಿಲ್ಲ. ರಿವರ್ಸ್ ಸೆನ್ಸರ್ ಇದೆ ಎಂದು ನಂಬಿ ಕೂರಬೇಡಿ. "ಅಪ್ಪ ಹೊರಟರು" ಎಂದು ಗೇಟಿಗೆ ಓಡಿಬರುವ ಮಗುವನ್ನು ಒಬ್ಬರು ಕೈ ಹಿಡಿದು ನಿಂತಿರಲಿ.

ಹಿಂದಿನ ಬಾಗಿಲಿನ ಅಂಚಿನಲ್ಲಿ, ಬಾಗಿಲು ತೆರೆದಾಗ ಮಾತ್ರ ಕಾಣುವ ಚೈಲ್ಡ್ ಲಾಕ್ ಹಾಕಿ. ಕಿಟಕಿಗಳ ಲಾಕ್ ಗುಂಡಿ ಚಾಲಕರ ಬಾಗಿಲಲ್ಲಿದೆ. ಹಿಂಗಾಜಿನ ಕೆಳಗಿನ ಹಲಗೆಯ ಮೇಲಿನ ಕೊಡೆ, ಸ್ಟೀಲ್ ನೀರಿನ ಬಾಟಲಿ, ಊಟದ ಕ್ಯಾರಿಯರ್ ಎಲ್ಲವೂ ಡಿಕ್ಕಿಯೊಳಕ್ಕೆ ಹೋಗಲಿ. ಜೋರು ಬ್ರೇಕಿಗೆ ಅವು ಹಾರಿ ಬರುವುದು ತಲೆಯ ಎತ್ತರದಲ್ಲೇ.

7. ದಾರಿಯಲ್ಲಿ

ಮಗು ಅತ್ತರೆ ಚಾಲಕರು ಹಿಂದೆ ತಿರುಗಬಾರದು. 80 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ತಿರುಗಿದರೆ ಗಾಡಿ 44 ಮೀಟರ್ ಕುರುಡಾಗಿ ಓಡಿರುತ್ತದೆ. ಇನ್ನೊಬ್ಬ ದೊಡ್ಡವರು ಹಿಂದೆ, ಬೆಲ್ಟ್ ಹಾಕಿಕೊಂಡು, ಮಗುವಿನ ಪಕ್ಕ ಕೂರಲಿ. ಅವರಿಂದಲೂ ಆಗದಿದ್ದರೆ ಜಾಗ ನೋಡಿ ನಿಲ್ಲಿಸಿ. ಎಕ್ಸ್‌ಪ್ರೆಸ್‌ವೇ ಅಂಚಿನಲ್ಲಲ್ಲ; ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನ ಅಂಗಳದಲ್ಲೋ. "ಐದೇ ನಿಮಿಷ" ಎಂದು ಓಡುತ್ತಿರುವ ಗಾಡಿಯಲ್ಲಿ ಮಗುವನ್ನು ಸೀಟಿನಿಂದ ಎತ್ತಿಕೊಂಡರೆ ಆ ಪ್ರಯಾಣವಷ್ಟೇ ಅಲ್ಲ, ಮುಂದಿನ ಪ್ರಯಾಣವೂ ಕೆಟ್ಟಿತು. ಅತ್ತರೆ ಎತ್ತಿಕೊಳ್ಳುತ್ತಾರೆ ಎಂದು ಮಗು ಕಲಿತುಬಿಡುತ್ತದೆ. ಸೀಟು ತಂದ ಹೊಸದರಲ್ಲಿ ನಾಲ್ಕು ದಿನ ನಡುಮನೆಯಲ್ಲಿಟ್ಟು ಆಡಲು ಬಿಟ್ಟರೆ ರೂಢಿಯಾಗುತ್ತದೆ.

ಓಡುವ ಗಾಡಿಯಲ್ಲಿ ಕಡಲೆಬೀಜ, ಚಕ್ಕುಲಿ, ಗಟ್ಟಿ ಮಿಠಾಯಿ ಕೊಡಬೇಡಿ. ಒಂದು ಹಂಪಿಗೆ ಗಂಟಲಲ್ಲಿ ಸಿಕ್ಕಿಕೊಂಡೀತು, ಹಿಮ್ಮುಖದಲ್ಲಿ ಕೂತ ಮಗುವಿನದು ಗೊತ್ತೂ ಆಗದು.

ಶಿರಾಡಿ, ಚಾರ್ಮಾಡಿ, ಆಗುಂಬೆಯ ತಿರುವುಗಳಲ್ಲಿ ಎರಡು ವರ್ಷ ದಾಟಿದ ಮಕ್ಕಳಿಗೆ ವಾಂತಿ ಸಾಮಾನ್ಯ. ಘಾಟಿಗೆ ಒಂದು ಗಂಟೆ ಮೊದಲು ಇಡ್ಲಿಯಂಥ ಹಗುರ ಆಹಾರ, ಮೊಬೈಲ್ ಬೇಡ, ಕಿಟಕಿ ತುಸು ತೆರೆದಿರಲಿ. ವಾಂತಿಯ ಔಷಧಿ ಮಕ್ಕಳ ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರ. ಮಗು ನಿದ್ದೆ ಮಾಡುತ್ತದೆಂದು ರಾತ್ರಿ ಹೊರಡುವ ಪದ್ಧತಿ ನಮಗೆ ಒಪ್ಪಿಗೆಯಿಲ್ಲ, ನಿದ್ದೆ ಚಾಲಕರಿಗೂ ಬರುತ್ತದೆ. ಬೆಳಗಿನ ಐದೂವರೆಗೆ ಹೊರಟರೂ ಮಗು ಎರಡು ಗಂಟೆ ಮಲಗುತ್ತದೆ.

ಸನ್‌ರೂಫಿನಿಂದ ತಲೆ ಹೊರಹಾಕಿ ನಿಲ್ಲಿಸುವುದು ಬೇಡವೇ ಬೇಡ. ಬ್ರೇಕ್ ಒತ್ತಿದರೆ ಅಂಚು ಬಡಿಯುವುದು ಎದೆಗೋ ಕುತ್ತಿಗೆಗೋ.

ಟ್ಯಾಕ್ಸಿಗೆ, ಬೆಲ್ಟಿನಿಂದ ಬಿಗಿಯುವ ಹಗುರ ತೊಟ್ಟಿಲ ಸೀಟು ಅನುಕೂಲ. ಬುಕ್ ಆದ ಕೂಡಲೇ ಚಾಲಕರಿಗೆ ಕರೆ ಮಾಡಿ, "ಅಣ್ಣಾ, ಹಿಂದಿನ ಬೆಲ್ಟಿನ ಬಕಲ್ ಹೊರಗಿದೆಯಾ?" ಎಂದು ಕೇಳಿ. ಕವರಿನ ಅಡಿಯಲ್ಲಿದ್ದರೆ ಹೊರತೆಗೆಯಲು ಅವರಿಗೂ ಸಮಯ ಸಿಗುತ್ತದೆ.

8. ಇಳಿದ ಮೇಲೆ

ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಬಿಟ್ಟು ಒಂದು ನಿಮಿಷಕ್ಕೂ ಹೋಗಬೇಡಿ. ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತದೆ. ಮಕ್ಕಳ ಮೈ ದೊಡ್ಡವರಿಗಿಂತ ಬಹಳ ಬೇಗ ಕಾಯುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗೇ 40 ದಾಟಿರುತ್ತದೆ. ಆಡಲೆಂದು ಕೀ ಕೊಟ್ಟು ಇಳಿದರೆ ಮಗು ಒಳಗಿನಿಂದ ಲಾಕ್ ಒತ್ತಿಬಿಡುತ್ತದೆ. ಮನೆ ಮುಂದೆ ನಿಂತ ಕಾರನ್ನೂ ಸದಾ ಲಾಕ್ ಮಾಡಿ, ಕಣ್ಣಾಮುಚ್ಚಾಲೆಗೆ ಒಳಹೊಕ್ಕ ಮಕ್ಕಳು ಹೊರಬರಲಾಗದೆ ಸತ್ತದ್ದಿದೆ. ಬಿಸಿಲಲ್ಲಿ ನಿಂತಿದ್ದ ಕಾರಿನಲ್ಲಿ ಮಗುವನ್ನು ಕೂರಿಸುವ ಮೊದಲು ಬಕಲ್ಲಿನ ಲೋಹವನ್ನು ಮುಟ್ಟಿ ನೋಡಿ.

ಅಪಘಾತವಾದರೆ: 112 ಅಥವಾ 108ಕ್ಕೆ ಕರೆ ಮಾಡಿ. ಬೆಂಕಿ, ಹೊಗೆ ಅಥವಾ ಇನ್ನೊಂದು ಡಿಕ್ಕಿಯ ಭಯ ಇಲ್ಲದಿದ್ದರೆ, ಮಗು ಉಸಿರಾಡುತ್ತಿದ್ದರೆ, ಸೀಟಿನಿಂದ ಎಳೆದು ತೆಗೆಯಬೇಡಿ. ಕುತ್ತಿಗೆಗೆ ಪೆಟ್ಟಾಗಿದ್ದರೆ ಎತ್ತುವಾಗಲೇ ಹೆಚ್ಚಾಗುತ್ತದೆ. ಹೊರಗೆ ಗಾಯ ಕಾಣದಿದ್ದರೂ ವೈದ್ಯರಿಗೆ ತೋರಿಸಿ. ಜೋರು ಡಿಕ್ಕಿ ಕಂಡ ಸೀಟನ್ನು ಮತ್ತೆ ಬಳಸಬಾರದು, ಬಿರುಕು ಒಳಗಿರುತ್ತದೆ. ವಿಮೆಯ ಅರ್ಜಿಯಲ್ಲಿ ಅದರ ಬಿಲ್ಲನ್ನೂ ಸೇರಿಸಿ ಕೇಳಿ ನೋಡಿ. ಹಳೆಯದನ್ನು ಗುಜರಿಗೆ ಹಾಕುವ ಮೊದಲು ಪಟ್ಟಿಗಳನ್ನು ಕತ್ತರಿಸಿ, ಇನ್ನೊಬ್ಬರು ಎತ್ತಿಕೊಂಡು ಹೋಗಿ ಬಳಸದಂತೆ.

ಸೀಟು ತೊಳೆಯುವ ಬಗ್ಗೆಯೂ ಕೇಳುತ್ತಾರೆ. ಬಟ್ಟೆಯ ಹೊದಿಕೆಯನ್ನು ಕೈಪಿಡಿ ಹೇಳಿದಂತೆ ಒಗೆಯಬಹುದು. ಬೆಲ್ಟಿನ ಪಟ್ಟಿಯನ್ನು ಮಾತ್ರ ಬಕೆಟ್ಟಿನಲ್ಲಿ ನೆನೆಹಾಕಬೇಡಿ, ಬ್ಲೀಚ್ ಸೋಕಿಸಬೇಡಿ. ಸೌಮ್ಯ ಸೋಪಿನ ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಬಕಲ್ ಒಳಗೆ ಬಿಸ್ಕತ್ತಿನ ಪುಡಿ ಸಿಕ್ಕಿ 'ಕ್ಲಿಕ್' ಸದ್ದು ಮಂದವಾಗಿದ್ದರೆ ಬಕಲನ್ನು ತಲೆಕೆಳಗಾಗಿ ಹಿಡಿದು ಮೆಲ್ಲಗೆ ಕೊಡವಿ. ಎಣ್ಣೆ ಬಿಡಬೇಡಿ, ಧೂಳು ಅಂಟಿ ಇನ್ನಷ್ಟು ಕಚ್ಚಿಕೊಳ್ಳುತ್ತದೆ.